ಅಕ್ಕಿ ಇದೆ, ಕಾಳಿಲ್ಲ: ಲಗ್ಗೆರೆಯ ಒಂದು ಮನೆಯ ದಿನಸಿ ಲೆಕ್ಕ

ಐದು ಜನರ ಮನೆ. ತಿಂಗಳ ದಿನಸಿಗೆ ಎತ್ತಿಡುವುದು 5,000 ರೂಪಾಯಿ. ತಲೆಗೆ ದಿನಕ್ಕೆ 33 ರೂಪಾಯಿ ಬೀಳುತ್ತದೆ. ಅದರಲ್ಲೇ ತಿಂಡಿ, ಎರಡು ಊಟ, ಟೀ, ಮಕ್ಕಳ ಕುರುಕಲು ಎಲ್ಲ ಮುಗಿಯಬೇಕು. ಬೆಂಗಳೂರಿನಲ್ಲಿ ಇಂಥ ಮನೆಗಳು ಒಂದೆರಡಲ್ಲ. ಪೀಣ್ಯ, ಲಗ್ಗೆರೆ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಅಕ್ಕಪಕ್ಕದ ಗಲ್ಲಿಗಳಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಂಗಸರ ಮನೆಗಳಲ್ಲಿ ಲೆಕ್ಕ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ನಾನು ಪೌಷ್ಟಿಕ ಆಹಾರದ ಬಗ್ಗೆ ಸಲಹೆ ಕೊಡುವ ಕೆಲಸ ಮಾಡುತ್ತೇನೆ. 2025ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಲಗ್ಗೆರೆಯ ಒಂದು ಮನೆಯವರ ಜೊತೆ ಕೂತು ಅವರ ಅಡುಗೆಮನೆಯ ಲೆಕ್ಕ ಬರೆದೆ. ಅವರು ಒಪ್ಪಿದ ಮೇಲೆಯೇ ಇದನ್ನು ಹೇಳುತ್ತಿದ್ದೇನೆ. ಗುರುತು ಸಿಗಬಾರದೆಂದು ಯಾರ ಹೆಸರನ್ನೂ ಹಾಕಿಲ್ಲ. ಇಲ್ಲಿರುವ ಬೆಲೆಗಳೆಲ್ಲ ಆ ತಿಂಗಳುಗಳಲ್ಲಿ ಅವರು ಕೊಟ್ಟ ಬೆಲೆಗಳು. ನಿಮ್ಮ ಏರಿಯಾದಲ್ಲಿ ಸ್ವಲ್ಪ ಆಚೀಚೆ ಇರಬಹುದು.

ಮನೆಯ ಸ್ಥಿತಿ

ತಾಯಿಗೆ 34 ವರ್ಷ. ಗಾರ್ಮೆಂಟ್ಸ್‌ನಲ್ಲಿ ಟೈಲರ್. ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಸಂಜೆ ಆರೂವರೆ ಏಳಕ್ಕೆ ವಾಪಸ್. ಗಂಡ ಗೂಡ್ಸ್ ಆಟೋ ಓಡಿಸುತ್ತಾರೆ, ಗಾಡಿ ಬೇರೆಯವರದು. ಬಾಡಿಗೆ ಸಿಕ್ಕಿದ ದಿನ ದುಡ್ಡು, ಇಲ್ಲದ ದಿನ ಇಲ್ಲ. ಮಗಳಿಗೆ 14, ಮಗನಿಗೆ 8. ಇಬ್ಬರೂ ಸರ್ಕಾರಿ ಶಾಲೆ. ಜೊತೆಗೆ 62 ವರ್ಷದ ಅತ್ತೆ, ಅವರಿಗೆ ಶುಗರ್ ಇದೆ. ಮನೆ ಅಂದರೆ ಒಂದು ರೂಮು, ಒಂದು ಪುಟ್ಟ ಅಡುಗೆಮನೆ, ಮೇಲೆ ಶೀಟು. ಎರಡು ಒಲೆಯ ಗ್ಯಾಸ್ ಸ್ಟವ್, ಒಂದು ಕುಕ್ಕರ್, ಒಂದು ಮಿಕ್ಸಿ. ಫ್ರಿಜ್ ಇಲ್ಲ. ಈ ಕೊನೆಯ ಮಾತನ್ನು ನೆನಪಿಡಿ. ವಾರಕ್ಕಾಗುವಷ್ಟು ತರಕಾರಿ ಒಟ್ಟಿಗೆ ತಂದಿಡಿ ಎಂದು ಸಲಹೆ ಕೊಡುವವರು ಫ್ರಿಜ್ ಇದೆ ಎಂದೇ ಎಣಿಸಿರುತ್ತಾರೆ.

ಬರುವ ದುಡ್ಡಿನಲ್ಲಿ ಬಾಡಿಗೆ, ಸಂಘದ ಸಾಲದ ಕಂತು, ಚೀಟಿ, ಅತ್ತೆಯ ಮಾತ್ರೆ, ಗ್ಯಾಸ್, ಮಕ್ಕಳ ಪುಸ್ತಕ ಎಲ್ಲ ಕಳೆದ ಮೇಲೆ ಉಳಿಯುವುದೇ ಈ 5,000. ಇದರಲ್ಲಿ ಯಾವುದನ್ನೂ ಮುಂದಕ್ಕೆ ಹಾಕುವ ಹಾಗಿಲ್ಲ. ಊಟವನ್ನು ಮಾತ್ರ ಹಿಂದಕ್ಕೆ ಎಳೆಯಬಹುದು. ಹಾಗಾಗಿ ತಿಂಗಳ ಕೊನೆಯಲ್ಲಿ ಕಡಿಮೆಯಾಗುವುದು ಯಾವಾಗಲೂ ತಟ್ಟೆಯಲ್ಲಿರುವುದೇ.

ಸಮಸ್ಯೆ ಹೊರಗೆ ಬಂದಿದ್ದು ತಾಯಿಯ ತಲೆಸುತ್ತಿನಿಂದ. ಮೆಷಿನ್ ಮುಂದೆ ಕೂತಾಗ ಕಣ್ಣು ಕತ್ತಲೆ, ಮೆಟ್ಟಿಲು ಹತ್ತಿದರೆ ಏದುಸಿರು. ನಮ್ಮ ಕ್ಲಿನಿಕ್‌ನಲ್ಲಿ ರಕ್ತ ನೋಡಿದಾಗ ಹಿಮೋಗ್ಲೋಬಿನ್ 9.1 ಇತ್ತು. ಗರ್ಭಿಣಿಯಲ್ಲದ ಹೆಂಗಸಿಗೆ 12 ಇರಬೇಕು. ಇಂಥ ಸ್ಥಿತಿ ಈ ತಾಯಿ ಒಬ್ಬರದೇ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 47.8ರಷ್ಟು ಜನರಿಗೆ ರಕ್ತ ಕಡಿಮೆ. ಐದು ವರ್ಷದೊಳಗಿನ ಮಕ್ಕಳಲ್ಲಂತೂ ಶೇಕಡಾ 65.5. ನೂರರಲ್ಲಿ ಅರ್ಧದಷ್ಟು ಹೆಂಗಸರು ಸುಸ್ತಿನಲ್ಲೇ ದುಡಿಯುತ್ತಿದ್ದಾರೆ ಎಂದರೆ ಅದು ಅವರವರ ಮನೆಯ ವಿಷಯವಾಗಿ ಉಳಿಯುವುದಿಲ್ಲ, ಅಲ್ವಾ?

ಡಾಕ್ಟರು ಜಂತುಹುಳದ ಮಾತ್ರೆ, ಕಬ್ಬಿಣಾಂಶದ ಮಾತ್ರೆ ಎರಡನ್ನೂ ಪುಕ್ಕಟೆ ಕೊಟ್ಟರು. "ಚೆನ್ನಾಗಿ ಊಟ ಮಾಡಮ್ಮ" ಎಂದೂ ಹೇಳಿದರು. ಆ ಮಾತನ್ನು 33 ರೂಪಾಯಿಯಲ್ಲಿ ಹೇಗೆ ನಡೆಸುವುದು ಎಂಬುದೇ ನಮ್ಮ ಮುಂದಿದ್ದ ಪ್ರಶ್ನೆ.

ಮಾರ್ಚ್ ತಿಂಗಳ ಲೆಕ್ಕ

ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಒಂದು ತಿಂಗಳು ತಂದಿದ್ದನ್ನೆಲ್ಲ ಬರೆಸಿದೆವು. ಅಕ್ಕಿ 20 ಕಿಲೋ, 960 ರೂಪಾಯಿ. ದಿನಾ ಅರ್ಧ ಲೀಟರ್ ಹಾಲು, 720. ಟೀಪುಡಿ, ಸಕ್ಕರೆ 380. ಎಣ್ಣೆ ಐದು ಲೀಟರ್, 750. ತೊಗರಿಬೇಳೆ ಒಂದೂವರೆ ಕಿಲೋ, 195. ತರಕಾರಿ, ಸೊಪ್ಪು 750. ಬಿಸ್ಕತ್ತು, ಬನ್ನು, ಹತ್ತು ರೂಪಾಯಿಯ ಕುರುಕಲು ಪ್ಯಾಕೆಟ್ ಸೇರಿ 750. ಎರಡು ಸಲ ಚಿಕನ್, 480. ಈರುಳ್ಳಿ, ಹುಣಸೆ, ಉಪ್ಪು, ಪ್ಯಾಕೆಟ್ ಮಸಾಲೆ 500. ದೋಸೆ ಹಿಟ್ಟಿನ ಪ್ಯಾಕೆಟ್ 240. ಒಟ್ಟು 5,725. ಐದು ಸಾವಿರ ಮೀರಿದ 725 ರೂಪಾಯಿ ಮೂಲೆ ಅಂಗಡಿಯ ಬಾಕಿ ಪುಸ್ತಕದಲ್ಲಿ ಕೂತಿತ್ತು.

ಈ ಪಟ್ಟಿಯಲ್ಲಿ ನನಗೆ ಮೊದಲು ಕಂಡಿದ್ದು ಬೇಳೆ. ಒಂದೂವರೆ ಕಿಲೋ ಬೇಳೆಯನ್ನು ಐದು ಜನಕ್ಕೆ, ಮೂವತ್ತು ದಿನಕ್ಕೆ ಹಂಚಿ ನೋಡಿ. ತಲೆಗೆ ದಿನಕ್ಕೆ ಹತ್ತು ಗ್ರಾಂ. ಬೇರೆ ಕಾಳೇ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿ 2,000 ಕ್ಯಾಲೊರಿಯ ದಿನದೂಟಕ್ಕೆ 85 ಗ್ರಾಂ ಕಾಳು ಬೇಳೆ ಹೇಳುತ್ತದೆ. ಮೊಟ್ಟೆ ಮಾಂಸ ತಿನ್ನುವವರು ಅದರಲ್ಲಿ ಸ್ವಲ್ಪ ಪಾಲನ್ನು ಅವುಗಳಿಂದ ತುಂಬಿಸಬಹುದು. ಆದರೂ ಹತ್ತು ಎಲ್ಲಿ, ಎಂಬತ್ತೈದು ಎಲ್ಲಿ?

ಹೊಟ್ಟೆ ಮಾತ್ರ ತುಂಬುತ್ತಿತ್ತು. ಬೆಳಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಅನ್ನ ಸಾರು. ಸಾರು ಅಂದರೆ ಬೇಳೆಕಟ್ಟು ತೆಳ್ಳಗೆ, ಮೇಲೆ ಟೊಮೆಟೊ. ತಾಯಿಯ ಒಂದು ದಿನದ ಊಟವನ್ನು ಕೂಡಿಸಿ ನೋಡಿದೆ. ಅಕ್ಕಿಯಿಂದ ಸುಮಾರು 28 ಗ್ರಾಂ ಪ್ರೋಟೀನ್, ಬೇಳೆಯಿಂದ 2, ಟೀಗೆ ಹಾಕುವ ಹಾಲಿನಿಂದ 3. ಒಟ್ಟು 33. 55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ 46 ಗ್ರಾಂ ಹತ್ತಿರ ಬೇಕು. ಅದೂ ಹೆಚ್ಚು ಕಡಿಮೆ ಎಲ್ಲವೂ ಅಕ್ಕಿಯಿಂದಲೇ ಬಂದಿದ್ದು. ಅಕ್ಕಿಯ ಪ್ರೋಟೀನ್‌ನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಕಾಳಿನಲ್ಲಿ ಅದು ಜಾಸ್ತಿ. ಕಾಳಿನಲ್ಲಿ ಕಡಿಮೆ ಇರುವ ಮೆಥಿಯೋನಿನ್ ಅಕ್ಕಿ, ರಾಗಿಯಲ್ಲಿದೆ. ಎರಡೂ ಒಂದೇ ದಿನದ ಊಟದಲ್ಲಿ ಸೇರಿದರೆ ಮೈಗೆ ಹತ್ತುತ್ತದೆ. ಬರೀ ಅನ್ನಕ್ಕೆ ಆ ಶಕ್ತಿ ಇಲ್ಲ.

ಇನ್ನೂ ಒಂದು ವಿಷಯ ಇತ್ತು, ಅದನ್ನು ನೋಟ್‌ಬುಕ್ಕು ಹೇಳಲಿಲ್ಲ, ಮಗಳು ಹೇಳಿದಳು. ಅಮ್ಮ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಾರೆ. ಅಷ್ಟೊತ್ತಿಗೆ ಪಾತ್ರೆಯಲ್ಲಿ ತಳದ ತಿಳಿ ಮಾತ್ರ ಉಳಿದಿರುತ್ತದೆ. ಹಾಗಾದರೆ ತಲೆಗೆ ಹತ್ತು ಗ್ರಾಂ ಎಂಬುದೂ ತಾಯಿಯ ಪಾಲಿಗೆ ಸುಳ್ಳು.

ಅಕ್ಕಿಗೆ ಯಾಕೆ ದುಡ್ಡು ಕೊಟ್ಟರು?

ಇವರಿಗೆ ಬಿಪಿಎಲ್ ಕಾರ್ಡ್ ಇದೆ. ಅತ್ತೆಯ ಹೆಸರಲ್ಲಿ, ಶಿರಾ ಕಡೆಯ ಊರಿನ ವಿಳಾಸಕ್ಕೆ. 2025ರ ಫೆಬ್ರವರಿಯಿಂದ ಅನ್ನಭಾಗ್ಯದ ಹೆಚ್ಚುವರಿ 5 ಕಿಲೋಗೆ ಕಿಲೋಗೆ 34 ರೂಪಾಯಿಯಂತೆ ದುಡ್ಡು ಹಾಕುವ ಬದಲು ಅಕ್ಕಿಯನ್ನೇ ಕೊಡಲು ಶುರು ಮಾಡಿದರು. ಕೇಂದ್ರದ 5 ಕಿಲೋ ಸೇರಿ ತಲೆಗೆ 10 ಕಿಲೋ. ಕಾರ್ಡಿನಲ್ಲಿ ನಾಲ್ಕು ಹೆಸರಿದೆ, ಮಗನ ಹೆಸರು ಇನ್ನೂ ಸೇರಿಲ್ಲ. ಅಂದರೆ ಆಗ ತಿಂಗಳಿಗೆ 40 ಕಿಲೋ ಇವರ ಹಕ್ಕಾಗಿತ್ತು. ಆದರೆ ಊರಿಗೆ ಹೋದಾಗ ಮಾತ್ರ ತರುತ್ತಿದ್ದರು. ಹೋಗದ ತಿಂಗಳು ಅಂಗಡಿಯ ಅಕ್ಕಿ. ಹಾಗೆ ಹೋಗದ ತಿಂಗಳಲ್ಲಿ ಬೇಳೆಯ ದುಡ್ಡೇ ಅಕ್ಕಿಗೆ ಹೋಗುತ್ತಿತ್ತು.

ಕಾರ್ಡ್ ಎಲ್ಲಿಯದಾದರೂ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ಒತ್ತಿ ರೇಷನ್ ತೆಗೆದುಕೊಳ್ಳಬಹುದು. ಇದು ಇವರಿಗೆ ಗೊತ್ತಿರಲಿಲ್ಲ. ಗಲ್ಲಿಯಲ್ಲಿ ಇನ್ನೂ ಹಲವರಿಗೆ ಗೊತ್ತಿರಲಿಲ್ಲ. ಮೊದಲು ಕೇಳಿದ ಅಂಗಡಿಯಲ್ಲಿ "ಇದು ಇಲ್ಲಿಯ ಕಾರ್ಡಲ್ಲ" ಎಂದರು. ಪಕ್ಕದ ವಾರ್ಡಿನ ಅಂಗಡಿಯಲ್ಲಿ ಒಂದು ಮಾತೂ ಆಡದೆ ಕೊಟ್ಟರು. ಏಪ್ರಿಲ್‌ನಿಂದ ಅಕ್ಕಿಗೆ ಒಂದು ರೂಪಾಯಿ ಖರ್ಚಾಗಲಿಲ್ಲ. ಇಡೀ ಪ್ರಕರಣದಲ್ಲಿ ಅತಿ ದೊಡ್ಡ ಉಳಿತಾಯ ಇದೇ. ಯಾವ ಅಡುಗೆ ಜಾಣತನವೂ ಇಷ್ಟು ಉಳಿಸಲಿಲ್ಲ.

ಆದರೆ ಇಲ್ಲೇ ಒಂದು ಅಪಾಯವೂ ಇದೆ. ಅಕ್ಕಿ ರಾಶಿ ಬಿದ್ದಿದ್ದರೆ ಊಟವೆಲ್ಲ ಅಕ್ಕಿಯೇ ಆಗುತ್ತದೆ. ದಿನದ ಕ್ಯಾಲೊರಿಯಲ್ಲಿ ಧಾನ್ಯದ ಪಾಲು ಶೇಕಡಾ 45 ಮೀರಬಾರದು ಎಂದು ಅದೇ 2024ರ ಮಾರ್ಗಸೂಚಿ ಹೇಳುತ್ತದೆ. ಈ ಮನೆಯಲ್ಲಿ ಅದು ಅದಕ್ಕಿಂತ ಎಷ್ಟೋ ಮೇಲಿತ್ತು. ಅದಕ್ಕೇ ನಾನು ಈ ಮನೆಯವರಿಗೆ ಒಂದೇ ಮಾತು ಹಿಡಿದು ಹೇಳಿದೆ: ಅಕ್ಕಿ ಪುಕ್ಕಟೆ ಬಂದರೆ ಕೈಯಲ್ಲಿರುವ ಕಾಸಿನಲ್ಲಿ ಮೊದಲು ಕಾಳು ತನ್ನಿ. ಸಂಬಳ ಬಂದ ವಾರವೇ ತನ್ನಿ. ಉಳಿದಿದ್ದು ಆಮೇಲೆ. ಕಾಳಿಗೆ ಫ್ರಿಜ್ ಬೇಡ, ಕೆಡುವುದಿಲ್ಲ. ಡಬ್ಬಿಯಲ್ಲಿದ್ದರೆ ತಿಂಗಳ ಕೊನೆಯ ವಾರ ಸಾಲ ಕೇಳದೆ ದಾಟಬಹುದು.

ಕಾಳಿನ ಖರೀದಿ

ಮೂಲೆ ಅಂಗಡಿಯಲ್ಲಿ ಕಾಲು ಕಿಲೋ, ನೂರು ಗ್ರಾಂ ಲೆಕ್ಕದಲ್ಲಿ ತಂದರೆ ಪ್ರತಿ ಸಲ ಜಾಸ್ತಿ ಬೆಲೆ ತೆರುತ್ತೇವೆ. ಇದು ಬಡವರಿಗೆ ಬೀಳುವ ತೆರಿಗೆಯೇ ಸರಿ. ಆದರೆ ಆ ಅಂಗಡಿಯವರು ಕಷ್ಟಕ್ಕೆ ಸಾಲ ಕೊಡುತ್ತಾರೆ. ಅವರನ್ನು ಬಿಟ್ಟುಬಿಡಿ ಎಂದು ಹೇಳುವುದು ಸುಲಭ, ಬಿಡುವುದು ಕಷ್ಟ. ಗಲ್ಲಿಯ ನಾಲ್ಕು ಮನೆಯ ಹೆಂಗಸರು ಸೇರಿ ಒಂದು ದಾರಿ ಕಂಡುಕೊಂಡರು. ಕಾಳು, ರಾಗಿ, ಶೇಂಗಾ ಮಾತ್ರ ಒಟ್ಟಿಗೆ ಯಶವಂತಪುರದ ಎಪಿಎಂಸಿ ಯಾರ್ಡ್ ಕಡೆಯಿಂದ ತರುವುದು. ಮಿಕ್ಕಿದ್ದು ಮೂಲೆ ಅಂಗಡಿಯಲ್ಲೇ. ಹೋಗುವುದಕ್ಕೆ ಶಕ್ತಿ ಯೋಜನೆಯ ಬಸ್ಸು, ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ಮೂಟೆ ಹೊತ್ತು ಬಸ್ಸು ಹತ್ತುವುದು ಆಗದ ಕೆಲಸ. ಈ ತಾಯಿಯ ಗಂಡ ಬಾಡಿಗೆ ಮುಗಿಸಿ ಆ ಕಡೆಯಿಂದ ಖಾಲಿ ಬರುವ ದಿನ ಗಾಡಿಗೆ ಹಾಕಿಕೊಂಡು ತಂದರು.

ಬೇಳೆ ಅಂದ ಕೂಡಲೇ ನಮಗೆ ತೊಗರಿಬೇಳೆಯೇ ನೆನಪಾಗುತ್ತದೆ. ಅದರ ಬೆಲೆ ಮಾತ್ರ ಹೇಗೆ ಏರುತ್ತದೆ, ಇಳಿಯುತ್ತದೆ ಹೇಳಲಾಗುವುದಿಲ್ಲ. 2023, 2024ರಲ್ಲಿ ಕಿಲೋಗೆ 150 ದಾಟಿತ್ತು. ಪೌಷ್ಟಿಕತೆಯಲ್ಲಿ ಹುರುಳಿ ಏನೂ ಹಿಂದೆ ಬಿದ್ದಿಲ್ಲ. ನೂರು ಗ್ರಾಂ ಹುರುಳಿಯಲ್ಲಿ 22 ಗ್ರಾಂ ಹತ್ತಿರ ಪ್ರೋಟೀನ್, ತೊಗರಿಬೇಳೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಕಬ್ಬಿಣಾಂಶ ಹುರುಳಿಯಲ್ಲೇ ಜಾಸ್ತಿ. ಇವರು ತಂದ ಹುರುಳಿ ಕಿಲೋಗೆ 75, ತೊಗರಿ 120. ತೊಗರಿಬೇಳೆ ಎರಡು ಕಿಲೋದಲ್ಲಿ ನಿಲ್ಲಿಸಿ ಹುರುಳಿ ಎರಡು ಕಿಲೋ, ಹೆಸರುಕಾಳು ಒಂದೂವರೆ, ಅಲಸಂದೆ ಒಂದು, ಕಡಲೆಕಾಳು ಒಂದು, ಇಡ್ಲಿಗೆ ಉದ್ದು ಒಂದು ಕಿಲೋ ತಂದರು. ಒಟ್ಟು ಎಂಟೂವರೆ ಕಿಲೋ, 875 ರೂಪಾಯಿ. ತಲೆಗೆ ದಿನಕ್ಕೆ ಹತ್ತು ಗ್ರಾಂ ಇದ್ದಿದ್ದು 57 ಗ್ರಾಂ ಆಯಿತು. ಮೂರು ಹೊತ್ತಿನಲ್ಲಿ ಒಂದು ಹೊತ್ತಾದರೂ ತಟ್ಟೆಯಲ್ಲಿ ಕಾಳು ಕಣ್ಣಿಗೆ ಕಾಣುವಷ್ಟು.

ರಾಗಿ ಹತ್ತು ಕಿಲೋ, ಗಿರಣಿ ಖರ್ಚೂ ಸೇರಿ 470. ತಲೆಗೆ ದಿನಕ್ಕೆ 67 ಗ್ರಾಂ ಹತ್ತಿರ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ದಿನಕ್ಕೆ ನೂರು ಎಂಎಲ್ ಹಾಲನ್ನೂ ಸರಿಯಾಗಿ ಕುಡಿಯದ ಮನೆಗೆ ಇದು ಚಿಕ್ಕ ವಿಷಯವಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ರಾಗಿ ಬಂದ ತಿಂಗಳು ಆ ಖರ್ಚೂ ಕಡಿಮೆಯಾಯಿತು.

ಅತ್ತೆಯವರ ಬಗ್ಗೆ ಒಂದು ಮಾತು ಹೇಳಲೇಬೇಕು. ರಾಗಿ ತಿಂದರೆ ಶುಗರ್ ಏರುವುದೇ ಇಲ್ಲ ಎಂದು ಅವರು ನಂಬಿದ್ದರು. ಎರಡು ದೊಡ್ಡ ಮುದ್ದೆ ಇಳಿಸುತ್ತಿದ್ದರು. ನುಣ್ಣಗೆ ಬೀಸಿದ ರಾಗಿ ಹಿಟ್ಟಿನ ಮುದ್ದೆಯೂ ಪಿಷ್ಟವೇ. ಅನ್ನಕ್ಕಿಂತ ನಾರು ಜಾಸ್ತಿ, ಒಳ್ಳೆಯದೇ. ಆದರೆ ಅಳತೆ ಮೀರಿದರೆ ಸಕ್ಕರೆ ಏರುತ್ತದೆ. ಒಂದು ಚಿಕ್ಕ ಮುದ್ದೆ, ಅದರ ಎರಡರಷ್ಟು ಪಲ್ಯ ಮತ್ತು ಕಾಳು. ಅವರಿಗೆ ಇದು ಮೊದಮೊದಲು ಸಿಟ್ಟು ತರಿಸಿತು.

ಬಸ್ಸಾರು

ಈ ಮನೆಯ ಊಟವನ್ನು ನಿಜವಾಗಿ ಎತ್ತಿದ್ದು ಬಸ್ಸಾರು. ನಾನು ಕಲಿಸಿದ್ದಲ್ಲ. ಆ ತಾಯಿಗೆ ಚಿಕ್ಕಂದಿನಿಂದ ಗೊತ್ತಿದ್ದ ಅಡುಗೆ. ಊರಲ್ಲಿ ವಾರಕ್ಕೆ ಮೂರು ದಿನ ಆಗುತ್ತಿತ್ತಂತೆ. ಬೆಂಗಳೂರಿಗೆ ಬಂದ ಮೇಲೆ ನಿಂತುಹೋಗಿತ್ತು. ಯಾಕೆ ಎಂದು ಕೇಳಿದೆ. "ಸೊಪ್ಪು ಬಿಡಿಸಕ್ಕೆ ಹೊತ್ತೆಲ್ಲಿ?" ಎಂದರು. ಬಡತನದಲ್ಲಿ ಕಾಸಿನಷ್ಟೇ ಕೊರತೆಯಾಗುವುದು ಹೊತ್ತು. ಪೌಷ್ಟಿಕ ಊಟ ಅಗ್ಗ ಎಂದು ಹೇಳುವವರು ಈ ಹೊತ್ತಿನ ಬೆಲೆ ಸೇರಿಸುವುದೇ ಇಲ್ಲ.

ಬಸ್ಸಾರಿನ ಲೆಕ್ಕ ನೋಡಿ. ಹುರುಳಿ ಅಥವಾ ಅಲಸಂದೆ, ಜೊತೆಗೆ ದಂಟಿನ ಸೊಪ್ಪು. ಕಾಳು ಬೆಂದ ಮೇಲೆ ಸೊಪ್ಪು ಹಾಕಿ, ಉಪ್ಪು ಹಾಕಿ, ಒಂದು ಕುದಿ. ಆಮೇಲೆ ನೀರು ಬಸಿಯುವುದು. ಬಸಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಬಸಿದ ನೀರಿಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಸೆ, ಒಂದು ಹಿಡಿ ಬೆಂದ ಕಾಳು ಸೊಪ್ಪು ಸೇರಿಸಿ ರುಬ್ಬಿ ಹಾಕಿ ಕುದಿಸಿದರೆ ಸಾರು. ಒಂದೇ ಸಲ ಬೇಯಿಸಿ ಎರಡು ಪದಾರ್ಥ. ಗ್ಯಾಸ್ ಉಳಿಯಿತು. ಬೇಯಿಸಿದ ನೀರಿಗೆ ಇಳಿದ ಸತ್ವ ಚೆಲ್ಲಿಹೋಗಲಿಲ್ಲ. ಹುಣಸೆ ಇರುವುದರಿಂದ ಟೊಮೆಟೊ ಬೇಡ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ದಾಟಿದ್ದು ಇವರು ಮರೆತಿಲ್ಲ. ಸಾರು ಮರುದಿನ ಬೆಳಗ್ಗೆ ಬಿಸಿ ಮಾಡಿದರೆ ಇನ್ನೂ ರುಚಿ. ತಾಯಿಯ ಡಬ್ಬಿಗೂ ಅದೇ.

ಹೊತ್ತಿನ ಸಮಸ್ಯೆಗೆ ಮನೆಯಲ್ಲೇ ಕೂತು ಮಾತಾಡಬೇಕಾಯಿತು. ಬೆಳಗ್ಗೆ ಕಾಳು ನೆನೆಹಾಕುವುದು ಗಂಡನ ಕೆಲಸವಾಯಿತು. ಸೊಪ್ಪು ಬಿಡಿಸುವುದು ಅತ್ತೆ ಮತ್ತು ಮಗನ ಪಾಲು. ಸಂಜೆ ಕುಕ್ಕರ್ ಇಡುವುದನ್ನು ಮಗಳು ಮಾಡುತ್ತೇನೆಂದಳು. ಆದರೆ ಅವಳು ಒಂಬತ್ತನೇ ಕ್ಲಾಸು, ಓದಬೇಕು. ಅವಳಿಗೆ ವಾರಕ್ಕೆ ಮೂರೇ ದಿನ, ಉಳಿದ ದಿನ ಅಪ್ಪ ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ತಾಯಿಯ ಹೊರೆ ಇಳಿಸಿ ಮಗಳ ತಲೆಗೆ ಹೊರಿಸುವುದು ಪರಿಹಾರವಲ್ಲ. ಗಂಡನಿಗೆ ಮೊದಲ ವಾರ ಮುಜುಗರ. ಆಮೇಲೆ ಹುರುಳಿ ಎಷ್ಟು ಸೀಟಿಗೆ ಬೇಯುತ್ತದೆ ಎಂದು ಅವರೇ ಹೇಳತೊಡಗಿದರು.

ಸೊಪ್ಪಿಗೆ ದಿನಕ್ಕೆ ಹದಿನೈದು ರೂಪಾಯಿ. ಫ್ರಿಜ್ ಇಲ್ಲದ್ದರಿಂದ ದಿನಾ ಸಂಜೆ ತಾಯಿ ಬರುವ ದಾರಿಯಲ್ಲಿ ತಳ್ಳುಗಾಡಿಯವರ ಹತ್ತಿರ ಒಂದು ಕಟ್ಟು. ದಂಟು, ಹರಿವೆ, ಮೆಂತ್ಯ, ಸಬ್ಬಸಿಗೆ ಬದಲಾಯಿಸಿಕೊಂಡು. ಹತ್ತಿರದ ಖಾಲಿ ಸೈಟಿನ ಪಕ್ಕ ಒಂದು ನುಗ್ಗೆ ಮರವಿತ್ತು. ಮರದ ಮನೆಯವರನ್ನು ಕೇಳಿ ಆಗಾಗ ಸೊಪ್ಪು ತಂದರು. ನುಗ್ಗೆ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ. ಅದು ಪುಕ್ಕಟೆ ಸಿಕ್ಕಿತು.

ಟೀ ವಿಷಯಕ್ಕೆ ನಾನು ಜಾಸ್ತಿ ಒತ್ತು ಕೊಟ್ಟೆ. ಊಟವಾದ ಕೂಡಲೇ ಟೀ ಕುಡಿಯುವುದು ಈ ಮನೆಯ ರೂಢಿ. ಟೀ, ಕಾಫಿಯ ಟ್ಯಾನಿನ್ ಕಾಳು ಸೊಪ್ಪಿನ ಕಬ್ಬಿಣಾಂಶವನ್ನು ಹಿಡಿದುಕೊಂಡು ಪೂರ್ತಿ ಮೈಗೆ ಸೇರಲು ಬಿಡುವುದಿಲ್ಲ. ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ನಂತರ ಬೇಡ. ಅದರ ಬದಲು ಪಲ್ಯಕ್ಕೆ ಅರ್ಧ ನಿಂಬೆಹಣ್ಣು ಹಿಂಡಿ, ಅದರ ವಿಟಮಿನ್ ಸಿ ಕಬ್ಬಿಣಾಂಶ ಹೀರಲು ನೆರವಾಗುತ್ತದೆ. ಟೀ ವಿಷಯದಲ್ಲಿ ಕಾಸು ಖರ್ಚಿಲ್ಲ, ಬರೀ ಹೊತ್ತು ಬದಲಾಯಿಸಬೇಕು. ಗಾರ್ಮೆಂಟ್ಸ್‌ನಲ್ಲಿ ಟೀ ಬಿಡುವು ಊಟದಿಂದ ದೂರವಿತ್ತು, ಅಲ್ಲಿ ತೊಂದರೆಯಾಗಲಿಲ್ಲ. ಮನೆಯಲ್ಲಿ ರಾತ್ರಿಯ ಟೀ ನಿಂತಿತು. ಸಕ್ಕರೆಯೂ ಕಡಿಮೆಯಾಯಿತು.

ಎಲ್ಲವೂ ಹಿಡಿಸಲಿಲ್ಲ. ಸೋಯಾ ಉಂಡೆಯಲ್ಲಿ ಅರ್ಧಕ್ಕರ್ಧ ಪ್ರೋಟೀನ್, ಬೆಲೆಯೂ ಕಡಿಮೆ ಎಂದು ತಂದರು. ಮಕ್ಕಳು ತಟ್ಟೆಯ ಅಂಚಿಗೆ ಸರಿಸಿದರು. ಬಿಟ್ಟೆವು. ಮೇ ತಿಂಗಳ ಸೆಕೆಯಲ್ಲಿ ಶೀಟಿನ ಮನೆಯೊಳಗೆ ಕಟ್ಟಿಟ್ಟ ಮೊಳಕೆ ಕಾಳು ಹುಳಿ ವಾಸನೆ ಬಂದು ಎಸೆಯಬೇಕಾಯಿತು. ಬೇಸಿಗೆಯಲ್ಲಿ ಬರೀ ನೆನೆಸಿ ಬೇಯಿಸಿದರೆ ಸಾಕು, ಮಳೆಗಾಲ ಹಿಡಿದ ಮೇಲೆ ಮೊಳಕೆ. ಮಕ್ಕಳಿಗೆ ಹಿಡಿಸಿದ್ದು ರಾಗಿ ದೋಸೆ. ರೇಷನ್ ಅಕ್ಕಿ, ಉದ್ದು, ರಾಗಿ ಹಿಟ್ಟು ಸೇರಿಸಿ ಮನೆಯಲ್ಲೇ ರುಬ್ಬಿದ್ದು. ಹಿಟ್ಟಿನ ಪ್ಯಾಕೆಟ್ ನಿಂತಿತು. ಕುರುಕಲು ಪ್ಯಾಕೆಟ್ ಬದಲು ಹುರಿದ ಶೇಂಗಾ, ಹುರಿಗಡಲೆ, ಬೆಲ್ಲದ ಚೂರು. ಇದನ್ನು ಮಗ ಪೂರ್ತಿ ಒಪ್ಪಿಲ್ಲ. ವಾರಕ್ಕೊಂದೆರಡು ಪ್ಯಾಕೆಟ್ ಈಗಲೂ ಬರುತ್ತದೆ. ಬರಲಿ ಬಿಡಿ. ಗಲ್ಲಿಯ ಮಕ್ಕಳೆಲ್ಲ ತಿನ್ನುವಾಗ ಅವನೊಬ್ಬನನ್ನು ನೋಡುತ್ತಾ ನಿಲ್ಲಿಸುವುದು ಸರಿಯಲ್ಲ.

ಶಾಲೆ ಇದ್ದಾಗ, ರಜೆ ಬಂದಾಗ

ಸರ್ಕಾರಿ ಶಾಲೆಯ ಊಟ ಈ ಮನೆಯ ಪೋಷಣೆಯ ದೊಡ್ಡ ಆಸರೆ. ಬಿಸಿಯೂಟ, ಕ್ಷೀರಭಾಗ್ಯದ ಹಾಲು, 2024ರಿಂದ ಹಾಲಿಗೆ ರಾಗಿ ಮಾಲ್ಟ್. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ಒಂದರಿಂದ ಹತ್ತನೇ ಕ್ಲಾಸಿನವರೆಗೆ ವಾರಕ್ಕೆ ಆರು ದಿನ ಮೊಟ್ಟೆ. ತಿನ್ನದವರಿಗೆ ಬಾಳೆಹಣ್ಣು. ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್. ಮಗ ತಿನ್ನುತ್ತಿದ್ದ. ಮಗಳು ಮಾತ್ರ ಗೆಳತಿಯರ ಮುಂದೆ ನಾಚಿಕೆಯೆಂದು ಬಿಸಿಯೂಟ ಬಿಟ್ಟು ಮನೆಯಿಂದ ಚಿತ್ರಾನ್ನ ಒಯ್ಯುತ್ತಿದ್ದಳು. ಮುಟ್ಟು ಶುರುವಾದ ಹುಡುಗಿಗೆ ಕಬ್ಬಿಣಾಂಶ, ಪ್ರೋಟೀನ್ ಎಲ್ಲ ಜಾಸ್ತಿ ಬೇಕಾಗುವ ವಯಸ್ಸು ಅದು. ಅಮ್ಮನ ರಕ್ತದ ರಿಪೋರ್ಟ್ ತೋರಿಸಿ ಮಾತಾಡಿದೆವು. ಜೂನ್‌ನಿಂದ ಶಾಲೆಯ ಊಟ ಮಾಡುತ್ತಿದ್ದಾಳೆ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣಾಂಶದ ಮಾತ್ರೆಯನ್ನೂ ಬಿಡುತ್ತಿಲ್ಲ.

ಆದರೆ ಏಪ್ರಿಲ್, ಮೇ ತಿಂಗಳು ಶಾಲೆ ಇಲ್ಲ. ಎರಡು ಮಕ್ಕಳ ಮಧ್ಯಾಹ್ನದ ಊಟ, ಮೊಟ್ಟೆ, ಹಾಲು ಒಂದೇ ಸಲ ಮನೆಯ ಮೇಲೆ ಬೀಳುತ್ತದೆ. ಆ ಎರಡು ತಿಂಗಳು ಇವರ ಲೆಕ್ಕ ತುಂಬಾ ಬಿಗಿಯಾಯಿತು. ಬಡವರ ಮನೆಯಲ್ಲಿ ಬೇಸಿಗೆ ರಜೆ ಹಸಿವಿನ ಕಾಲವೂ ಹೌದು. ಊಟದ ಬಜೆಟ್ ವರ್ಷವಿಡೀ ಒಂದೇ ಇರಲು ಸಾಧ್ಯವಿಲ್ಲ ಎಂಬುದು ಆಗ ಚೆನ್ನಾಗಿ ಗೊತ್ತಾಯಿತು.

ಗಂಡನ ಹೊರಗಿನ ಊಟ ಈ ಲೆಕ್ಕದಲ್ಲಿ ಇರಲೇ ಇಲ್ಲ. ದಿನಾ ಎಪ್ಪತ್ತು ರೂಪಾಯಿ ಅವರ ಜೇಬಿನಿಂದ ಹೋಗುತ್ತಿತ್ತು. ಬಾಡಿಗೆ ಹೋಗುವ ದಾರಿಯಲ್ಲಿ ಇಂದಿರಾ ಕ್ಯಾಂಟೀನ್ ಸಿಕ್ಕಿದರೆ ಹತ್ತು ರೂಪಾಯಿಯ ಊಟ, ಇಲ್ಲದಿದ್ದರೆ ಡಬ್ಬಿ. ಉಳಿದ ದುಡ್ಡಿನಲ್ಲಿ ಒಂದು ಪಾಲು ಮೊಟ್ಟೆಗೆ ಬಂತು.

ಆಗಸ್ಟ್ ತಿಂಗಳ ಲೆಕ್ಕ

ಅದೇ ನೋಟ್‌ಬುಕ್ಕಿನಲ್ಲಿ ಆಗಸ್ಟ್ ಹೀಗಿದೆ. ರಾಗಿ 470, ಕಾಳು 875, ಶೇಂಗಾ ಎರಡು ಕಿಲೋ 260, ಹುರಿಗಡಲೆ 110, ಮೊಟ್ಟೆ 60ಕ್ಕೆ 380, ಹಾಲು 720, ಎಣ್ಣೆ ನಾಲ್ಕು ಲೀಟರ್ 600, ಸೊಪ್ಪು ತರಕಾರಿ 900, ಟೀಪುಡಿ, ಸಕ್ಕರೆ, ಬೆಲ್ಲ 260, ಈರುಳ್ಳಿ, ಹುಣಸೆ, ಮನೆಯಲ್ಲೇ ಮಾಡಿದ ಖಾರದಪುಡಿ 350, ಬಾಳೆಹಣ್ಣು 150, ಕುರುಕಲು 150, ಒಂದು ಸಲ ಚಿಕನ್ 240. ಒಟ್ಟು 5,465.

ಐದು ಸಾವಿರಕ್ಕೆ ಇಳಿಯಲಿಲ್ಲ. ಮಾರ್ಚ್‌ಗಿಂತ 260 ರೂಪಾಯಿ ಮಾತ್ರ ಕಡಿಮೆ. ಆದರೆ ಅಂಗಡಿಯಲ್ಲಿ ಹೊಸ ಬಾಕಿ ಇಲ್ಲ. ಮೇಲಿನ 465 ರೂಪಾಯಿಯನ್ನು ಅತ್ತೆ ತಮಗೆ ಬರುವ ಗೃಹಲಕ್ಷ್ಮಿ 2,000ದಲ್ಲಿ ಕೊಟ್ಟರು. ಆ ಕಂತು ತಡವಾದ ತಿಂಗಳು ಚಿಕನ್ನೂ ಇಲ್ಲ, ಹಣ್ಣೂ ಇಲ್ಲ. ಕಾಳು ಮಾತ್ರ ಮೊದಲ ವಾರವೇ ಡಬ್ಬಿಗೆ ಸೇರಿರುತ್ತದೆ.

ತಾಯಿಯ ದಿನದ ಪ್ರೋಟೀನ್ ಈಗ 42, 43 ಗ್ರಾಂ ಬರುತ್ತಿದೆ. 46ಕ್ಕೆ ಇನ್ನೂ ಸ್ವಲ್ಪ ದೂರ. ಆದರೆ ಅದರಲ್ಲಿ ಕಾಳು, ಶೇಂಗಾ, ಮೊಟ್ಟೆಯ ಪಾಲಿದೆ. ಅವರ ಪಾಲಿನ ಪಲ್ಯವನ್ನು ಮಗಳು ಮೊದಲೇ ಬೇರೆ ಬಟ್ಟಲಿಗೆ ತೆಗೆದಿಡುತ್ತಾಳೆ. ಬಡಿಸಿದ ಮೇಲೆ ಉಳಿದದ್ದು ಎಂಬ ಮಾತೇ ಇಲ್ಲ. ನನ್ನ ಮಟ್ಟಿಗೆ ಈ ಐದಾರು ತಿಂಗಳಲ್ಲಿ ಆದ ಮುಖ್ಯ ಬದಲಾವಣೆ ಇದು.

ಹಿಮೋಗ್ಲೋಬಿನ್ ಆಗಸ್ಟ್ ಕೊನೆಗೆ 11.2 ಆಗಿತ್ತು. ಇದನ್ನು ಊಟವೊಂದರ ಫಲ ಎಂದು ಯಾರೂ ಓದಿಕೊಳ್ಳಬಾರದು. 9ರ ಆಸುಪಾಸಿಗೆ ಇಳಿದ ರಕ್ತವನ್ನು ಸೊಪ್ಪು ಕಾಳು ಮಾತ್ರದಿಂದ ಏರಿಸಲು ಆಗುವುದಿಲ್ಲ. ಮಾತ್ರೆ ಬೇಕೇ ಬೇಕು. ಮೊದಲ ವಾರ ಹೊಟ್ಟೆ ತೊಳೆಸುತ್ತದೆ, ಮಲ ಕಪ್ಪಗಾಗುತ್ತದೆ ಎಂದು ಅವರು ಮಾತ್ರೆ ಬಿಟ್ಟಿದ್ದರು. ಕಪ್ಪಗಾಗುವುದು ಸಹಜ ಎಂದು ಕ್ಲಿನಿಕ್ಕಿನ ನರ್ಸ್ ಹೇಳಿದರು. ರಾತ್ರಿ ಊಟದ ಜೊತೆ ತೆಗೆದುಕೊಂಡ ಮೇಲೆ ತೊಂದರೆ ಕಡಿಮೆಯಾಯಿತು. ಮಾತ್ರೆ ಏರಿಸಿದ್ದನ್ನು ಮತ್ತೆ ಇಳಿಯದಂತೆ ಕಾಯುವುದು ಊಟದ ಕೆಲಸ.

ಕೊರತೆಗಳು ಉಳಿದೇ ಇವೆ. ಸೊಪ್ಪು ತರಕಾರಿಗೆ 900 ಎಂದರೆ ತಲೆಗೆ ದಿನಕ್ಕೆ ಆರು ರೂಪಾಯಿ. ಮಾರ್ಗಸೂಚಿಯ 400 ಗ್ರಾಂ ತರಕಾರಿಯ ಅರ್ಧವೂ ಅದರಲ್ಲಿ ಬರುವುದಿಲ್ಲ. ಹಣ್ಣು ಲೆಕ್ಕಕ್ಕಿಲ್ಲ ಅನ್ನುವಷ್ಟು. ಸೀಬೆ, ಪರಂಗಿ ಅಗ್ಗವಾದಾಗ ಒಂದೆರಡು. ಹಾಲು 300 ಎಂಎಲ್ ಬೇಕಾದ ಕಡೆ 100. ಇವುಗಳನ್ನು ಜಾಣತನದಿಂದ ತುಂಬಿಸಲು ಬರುವುದಿಲ್ಲ. ಕೂಲಿ ಹೆಚ್ಚಬೇಕು, ಅಷ್ಟೇ. ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ದುಡಿದವರು ಒಂದು ಲೋಟ ಹಾಲಿಗೆ ಇಷ್ಟು ಲೆಕ್ಕ ಹಾಕಬೇಕಾದ ಸ್ಥಿತಿಯನ್ನು ಪೋಷಣೆಯ ಸಲಹೆಯಿಂದ ಮುಚ್ಚಲು ನನಗೆ ಮನಸ್ಸಿಲ್ಲ.

ಮಗನ ಹೆಸರು ರೇಷನ್ ಕಾರ್ಡಿಗೆ ಸೇರಿಸಲು ಅರ್ಜಿ ಹಾಕಿದ್ದಾರೆ, ಇನ್ನೂ ಆಗಿಲ್ಲ. ಅಕ್ಕಿ ಸಾಕಷ್ಟಿದೆ, ಅದಕ್ಕಲ್ಲ. ಮುಂದೆ ಕಾಳು, ರಾಗಿ ಏನೇ ತಲೆಲೆಕ್ಕದಲ್ಲಿ ಬಂದರೂ ಅವನ ಪಾಲು ತಪ್ಪಬಾರದು. ನಾಲ್ಕು ಮನೆಯ ಹೆಂಗಸರು ಸೇರಿ ತಿಂಗಳಿಗೆ ನೂರು ರೂಪಾಯಿಯ ಒಂದು ಚಿಕ್ಕ ಚೀಟಿ ಶುರು ಮಾಡಿದ್ದಾರೆ. ಅದನ್ನು 2026ರ ಏಪ್ರಿಲ್‌ನಲ್ಲೇ ಒಡೆಯುವುದು, ರಜೆಯ ಎರಡು ತಿಂಗಳು ಮಕ್ಕಳ ಮೊಟ್ಟೆಗೆ ಹಾಕುವುದು ಎಂದು ಮಾತಾಗಿತ್ತು.